ಉಪಕರಣವನ್ನೇ ಮೊದಲು ಅಳೆದಾತ: ವಿಲಿಯಂ ಲ್ಯಾಂಬ್ಟನ್

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಯಾವ ಊರಿಗೆ ಹೋದರೂ ಐಟಿಐ ಅಥವಾ ಡಿಪ್ಲೊಮಾ ಮುಗಿಸಿ ಮಂಗಳೂರಿನ ಕಾರ್ಖಾನೆಗೋ ಗಲ್ಫ್ ರಾಷ್ಟ್ರಗಳ ತೈಲ ಸ್ಥಾವರಕ್ಕೋ ಸೇರಿದ ಯುವಕರು ಸಿಗುತ್ತಾರೆ. ಅವರಲ್ಲಿ ಅನೇಕರ ಕೆಲಸ ಅಳೆಯುವುದು. ಕೈಯಲ್ಲಿ ಹಿಡಿಯುವ ಸಣ್ಣ ಮೀಟರ್, ಅದಕ್ಕೆ ಸಿಕ್ಕಿಸುವ ಸೆನ್ಸರ್, ಪರದೆಯ ಮೇಲೆ ಮೂಡುವ ಅಂಕಿ. ನೋಡುವವರಿಗೆ ಇದು ಸುಲಭದ ಕೆಲಸದಂತೆ ಕಾಣುತ್ತದೆ. ಆದರೆ ಆ ಅಂಕಿ ಮೂಡುವ ಮುನ್ನ ಮೀಟರಿಗೆ ಹೇಳಿಕೊಡಬೇಕಾದ ಸಂಗತಿಗಳು ಹಲವು: ಸಿಕ್ಕಿಸಿದ ಸೆನ್ಸರ್ ಯಾವ ಜಾತಿಯದು, ಅದರ ಸೊನ್ನೆ ಎಲ್ಲಿದೆ, ಯಾವ ಮಾನದಲ್ಲಿ ಓದಬೇಕು, ಕಳೆದ ಪರೀಕ್ಷೆಯಲ್ಲಿ ಅದು ಎಷ್ಟು ತಪ್ಪು ತೋರಿಸಿತ್ತು. ಕೆ ಮಾದರಿಯ ಥರ್ಮೋಕಪಲ್ ಸಿಕ್ಕಿಸಿ ಮೀಟರನ್ನು ಜೆ ಮಾದರಿಗೆ ಇಟ್ಟರೆ 300 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ಕೊಳವೆಯನ್ನು ಅದು ಸುಮಾರು 230 ಡಿಗ್ರಿ ಎಂದು ತೋರಿಸುತ್ತದೆ. ದೀಪ ಹತ್ತುವುದಿಲ್ಲ, ಗಂಟೆ ಬಾರಿಸುವುದಿಲ್ಲ. ತಪ್ಪು ಅಂಕಿಯೂ ಸರಿಯಾದ ಅಂಕಿಯಷ್ಟೇ ಸ್ಪಷ್ಟವಾಗಿ ಮೂಡುತ್ತದೆ. ಅದನ್ನು ನಂಬಿ ಕವಾಟ ತೆರೆಯುವವನ ಗತಿ ಏನು?

ವಿದ್ಯುತ್ತೇ ಇಲ್ಲದ ಕಾಲದಲ್ಲಿ ಈ ಪ್ರಶ್ನೆಯನ್ನು ಜೀವನದ ಕೊನೆಯ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಬೆನ್ನ ಮೇಲೆ ಹೊತ್ತು ದಕ್ಷಿಣ ಭಾರತವಿಡೀ ಅಲೆದವನೊಬ್ಬನಿದ್ದ. ವಿಲಿಯಂ ಲ್ಯಾಂಬ್ಟನ್ ಎಂಬ ಆತನ ಹೆಸರು ಭೂಮಾಪನದ ಪಠ್ಯಗಳಲ್ಲಿ ಬರುತ್ತದೆ. ಆತನ ಅಳತೆಯ ಜಾಲ ನಮ್ಮ ಈ ತಾಲೂಕುಗಳ ತಲೆಯ ಮೇಲಿನಿಂದಲೇ ಹಾದುಹೋಯಿತೆಂಬುದು ಮಾತ್ರ ಇಲ್ಲಿಯವರಿಗೆ ಅಷ್ಟಾಗಿ ತಿಳಿದಿಲ್ಲ.

ಲ್ಯಾಂಬ್ಟನ್ ಹುಟ್ಟಿದ್ದು 1753ರ ಸುಮಾರಿಗೆ, ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಒಂದು ಬಡ ಕುಟುಂಬದಲ್ಲಿ. ಗಣಿತದ ಒಲವಿನಿಂದ ಶಾಲೆ ದಾಟಿ, 1781ರಲ್ಲಿ 33ನೇ ಪದಾತಿ ದಳದಲ್ಲಿ ಕೆಳದರ್ಜೆಯ ಅಧಿಕಾರಿಯಾದ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಸೆರೆ ಸಿಕ್ಕಿದ. ಬಿಡುಗಡೆಯಾದ ಮೇಲೆ ಈಗಿನ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಸರ್ವೆ ಕೆಲಸ, ಆಮೇಲೆ ಸೈನಿಕರ ವಸತಿಯ ಉಸ್ತುವಾರಿ. ಹೀಗೆ ಹನ್ನೆರಡು ಹದಿಮೂರು ವರ್ಷ ಯಾರ ಗಮನಕ್ಕೂ ಬಾರದ ಮೂಲೆಯಲ್ಲಿ ಕಳೆದುಹೋಯಿತು. ಒಮ್ಮೆ ಸೂರ್ಯಗ್ರಹಣವನ್ನು ನೋಡುವಾಗ ಒಂದು ಕಣ್ಣಿನ ದೃಷ್ಟಿಗೂ ಪೆಟ್ಟು ಬಿತ್ತು. ಮುಂದೆ ಹತ್ತಾರು ಮೈಲಿ ದೂರದ ಬಾವುಟಗಳನ್ನು ದುರ್ಬೀನಿನಲ್ಲಿ ನೋಡಿಯೇ ಬದುಕಬೇಕಾದವನಿಗೆ ಆದ ಗಾಯ ಇದು. ಆ ಏಕಾಂತದ ವರ್ಷಗಳಲ್ಲಿ ಆತ ಓದಿದ್ದು ಗಣಿತ ಮತ್ತು ಖಗೋಳ. ಭಾರತಕ್ಕೆ ಬಂದಾಗ ವಯಸ್ಸು ನಲವತ್ತು ದಾಟಿತ್ತು.

ಆತ ಬಂದದ್ದು ನಮ್ಮ ಮಿತ್ರನಾಗಿಯಲ್ಲ. 1799ರಲ್ಲಿ ಟಿಪ್ಪು ಸುಲ್ತಾನರ ವಿರುದ್ಧ ಹೊರಟ ಕಂಪೆನಿ ಸೈನ್ಯದಲ್ಲಿ ಲ್ಯಾಂಬ್ಟನ್ ಇದ್ದ. ಶ್ರೀರಂಗಪಟ್ಟಣದ ಮುತ್ತಿಗೆಯ ವೇಳೆ ಒಂದು ರಾತ್ರಿ ಜನರಲ್ ಬೇರ್ಡ್‌ನ ತುಕಡಿ ಶಿಬಿರಕ್ಕೆ ಹಿಂದಿರುಗುತ್ತಿತ್ತು. ನಕ್ಷತ್ರಗಳನ್ನು ನೋಡಿದ ಲ್ಯಾಂಬ್ಟನ್, ತಾವು ಉತ್ತರಕ್ಕಲ್ಲ, ದಕ್ಷಿಣಕ್ಕೆ, ನೇರವಾಗಿ ಸುಲ್ತಾನರ ಪಡೆಯ ಕಡೆಗೇ ನಡೆಯುತ್ತಿದ್ದೇವೆ ಎಂದು ಎಚ್ಚರಿಸಿದ. ಜನರಲ್ಲನಿಗೆ ನಂಬಿಕೆ ಬರಲಿಲ್ಲ. ಕೊನೆಗೆ ಒಂದು ಮಿಂಚುಹುಳುವನ್ನು ದಿಕ್ಸೂಚಿಯ ಗಾಜಿನ ಮೇಲಿಟ್ಟು ಅದರ ಬೆಳಕಿನಲ್ಲಿ ಮುಳ್ಳು ನೋಡಿದಾಗ ಲ್ಯಾಂಬ್ಟನ್ ಹೇಳಿದ್ದೇ ಸರಿಯಾಗಿತ್ತಂತೆ. ಮೇ 4ರಂದು ಕೋಟೆ ಬಿತ್ತು, ಸುಲ್ತಾನರು ಹುತಾತ್ಮರಾದರು. ಆ ವರ್ಷವೇ ನಮ್ಮ ಕೆನರಾ ಸೀಮೆ ಕಂಪೆನಿಯ ಕೈ ಸೇರಿತು.

ಗೆದ್ದ ನೆಲದ ಅಳತೆ ಗೆದ್ದವರಿಗೇ ಗೊತ್ತಿರಲಿಲ್ಲ. 1801ರ ಆರಂಭದಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪೆನಿಯ ಆಜ್ಞೆಯ ಮೇರೆಗೆ ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ ದಾರಿಯಾಗಿ ಕಾರ್ಕಳಕ್ಕೆ ಸಾಗಿದ. ಬೆಳೆ, ಮಣ್ಣು, ಜಾತಿ, ಕಂದಾಯ ಎಲ್ಲವನ್ನೂ ಬರೆದುಕೊಂಡ ಆತ ಊರಿಂದೂರಿಗೆ ದೂರ ಬರೆಯುವಾಗ ಬಳಸಿದ್ದು ಟಿಪ್ಪು ಸುಲ್ತಾನರ ಆಡಳಿತದಲ್ಲಿ ರೂಢಿಯಲ್ಲಿದ್ದ ಸುಲ್ತಾನಿ ಹರದಾರಿಯ ಲೆಕ್ಕವನ್ನು. ಪಯಣಕ್ಕೆ ಅದು ಸಾಕು. ಆದರೆ ದಾರಿ ಬಳಸುತ್ತದೆ, ಹತ್ತುತ್ತದೆ, ಇಳಿಯುತ್ತದೆ. ನಡೆದ ದೂರವನ್ನು ಕೂಡಿಸಿ ಸಮುದ್ರದಿಂದ ಸಮುದ್ರಕ್ಕೆ ಎಷ್ಟೆಂದು ಹೇಳಲು ಬರುವುದಿಲ್ಲ. ಮದ್ರಾಸಿನಿಂದ ಮಂಗಳೂರಿಗೆ 400 ಮೈಲಿ ಎಂದು ಆಗಿನ ಒಳ್ಳೆಯ ನಕಾಶೆಗಳೇ ತೋರಿಸುತ್ತಿದ್ದವು.

ಲ್ಯಾಂಬ್ಟನ್ ಮುಂದಿಟ್ಟ ಯೋಜನೆ ಬೇರೆ ಬಗೆಯದು. ಸಮತಟ್ಟು ನೆಲದಲ್ಲಿ ಒಂದೇ ಒಂದು ಗೆರೆಯನ್ನು ಅತಿ ಎಚ್ಚರದಿಂದ ಅಳೆಯುವುದು. ಅದರ ಎರಡು ತುದಿಗಳಿಂದ ದೂರದ ಬೆಟ್ಟವೊಂದಕ್ಕೆ ಕೋನ ಅಳೆದರೆ ಉಳಿದೆರಡು ಬಾಹುಗಳ ಉದ್ದ ಲೆಕ್ಕದಿಂದಲೇ ಸಿಗುತ್ತದೆ. ಆ ಬಾಹುವಿನ ಮೇಲೆ ಮತ್ತೊಂದು ತ್ರಿಕೋನ, ಅದರ ಮೇಲೆ ಇನ್ನೊಂದು. ಹೈಸ್ಕೂಲಿನ ತ್ರಿಕೋನಮಿತಿಯಿಂದ ದೇಶವನ್ನೇ ಅಳೆಯುವ ಕ್ರಮ ಇದು. ಭೂಮಿಯ ಗಾತ್ರವನ್ನು ಕೋನದಿಂದ ಹಿಡಿಯುವ ಪ್ರಯತ್ನ ಹೊಸದೇನಲ್ಲ. ಒಂಬತ್ತನೇ ಶತಮಾನದಲ್ಲಿ ಖಲೀಫಾ ಅಲ್ ಮಾಮೂನರ ವಿದ್ವಾಂಸರು ಸಿಂಜಾರಿನ ಬಯಲಿನಲ್ಲಿ ಒಂದು ಡಿಗ್ರಿಯ ಉದ್ದವನ್ನು ಅಳೆದಿದ್ದರು; ಹನ್ನೊಂದನೇ ಶತಮಾನದಲ್ಲಿ ಅಲ್ ಬಿರೂನಿ, ಈಗ ಪಾಕಿಸ್ತಾನದಲ್ಲಿರುವ ನಂದನ ಕೋಟೆಯ ಬಳಿ, ಬೆಟ್ಟದ ತುದಿಯಿಂದ ದಿಗಂತದ ಇಳಿಕೋನ ನೋಡಿ ಭೂಮಿಯ ತ್ರಿಜ್ಯವನ್ನು ಲೆಕ್ಕ ಹಾಕಿದ್ದರು. ಲ್ಯಾಂಬ್ಟನ್ನನ ಗಣಿತ ಅವರ ಗಣಿತಕ್ಕಿಂತ ಬಹಳ ಮುಂದೇನೂ ಇರಲಿಲ್ಲ ಎಂದರೂ ನಡೆದೀತು. ಮುಂದಿದ್ದದ್ದು ಉಪಕರಣ, ಮತ್ತು ಉಪಕರಣದ ಬಗ್ಗೆ ಆತನಿಗಿದ್ದ ಸಂಶಯ.

ಉಪಕರಣಗಳ ಕಥೆಯೂ ಸ್ವಾರಸ್ಯವಾಗಿದೆ. ಆತನಿಗೆ ಸಿಕ್ಕ ನೂರು ಅಡಿಯ ಉಕ್ಕಿನ ಸರಪಳಿ 1793ರಲ್ಲಿ ಬ್ರಿಟಿಷ್ ರಾಯಭಾರಿ ಮೆಕಾರ್ಟ್ನಿ ಚೀನಾ ಚಕ್ರವರ್ತಿಗೆ ಒಯ್ದ ಉಡುಗೊರೆಗಳ ಪೈಕಿ ಬೇಡವಾಗಿ ಉಳಿದದ್ದು; ಕಲ್ಕತ್ತಾದಲ್ಲಿ ಡಾಕ್ಟರ್ ಡಿನ್‌ವಿಡಿ ಎಂಬವನ ಬಳಿ ಬಿದ್ದಿತ್ತು. ದೊಡ್ಡ ಥಿಯೋಡೊಲೈಟನ್ನು ಲಂಡನ್ನಿನ ವಿಲಿಯಂ ಕ್ಯಾರಿ ಮಾಡಿದ. ಅದನ್ನು ತರುತ್ತಿದ್ದ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್‌ಗೆ ಒಯ್ದರು. ಪೆಟ್ಟಿಗೆ ಬಿಚ್ಚಿ ನೋಡಿದ ಮೇಲೆ, ವಿಜ್ಞಾನದ ವಸ್ತುವಿಗೆ ಯುದ್ಧವೇಕೆ ಎಂದೋ ಏನೋ, ಅಲ್ಲಿನ ಗವರ್ನರ್ ಅದನ್ನು ಸೌಜನ್ಯದಿಂದ ಮದ್ರಾಸಿಗೆ ಕಳಿಸಿಕೊಟ್ಟ. 1802ರಲ್ಲಿ ಅದು ಕೈಸೇರಿತು. 36 ಇಂಚು ಅಡ್ಡಳತೆಯ ಹಿತ್ತಾಳೆಯ ವೃತ್ತ, ಒಟ್ಟು ತೂಕ ಸುಮಾರು ಅರ್ಧ ಟನ್. ಒಯ್ಯಬಹುದಾದ ಉಪಕರಣ ಎಂದು ಇದನ್ನು ಕರೆದರೆ ಹೊತ್ತವರು ಒಪ್ಪುತ್ತಿರಲಿಲ್ಲ! ಬೆಟ್ಟದಿಂದ ಬೆಟ್ಟಕ್ಕೆ ಅದನ್ನು ಹೆಗಲ ಮೇಲೆ ಸಾಗಿಸಿದವರು ನಮ್ಮ ನೆಲದ ಕೂಲಿಯಾಳುಗಳು. ವರದಿಗಳಲ್ಲಿ ಅವರ ಹೆಸರುಗಳಿಲ್ಲ.

1802ರ ಏಪ್ರಿಲ್‌ನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರರೇಖೆಯ ಅಳತೆ ಆರಂಭವಾಯಿತು. ಏಳೂವರೆ ಮೈಲಿಗೆ ಹಿಡಿದದ್ದು 57 ದಿನ. ಈಗಿನ ಕಾರಿಗೆ ಹತ್ತು ಹದಿನೈದು ನಿಮಿಷದ ದಾರಿ. ಅಷ್ಟು ದಿನ ಏಕೆ ಬೇಕಾಯಿತೆಂಬುದನ್ನು ತುಸು ಬಿಡಿಸಿ ಹೇಳಬೇಕು, ಏಕೆಂದರೆ ಲ್ಯಾಂಬ್ಟನ್ನನ ದೊಡ್ಡತನವೆಲ್ಲ ಅಲ್ಲೇ ಇದೆ. ಸರಪಳಿಯನ್ನು ನೆಲದ ಮೇಲೆ ಎಳೆಯುವಂತಿಲ್ಲ. ಮುಕ್ಕಾಲಿಗಳ ಮೇಲೆ ಮರದ ಉದ್ದನೆಯ ಪೆಟ್ಟಿಗೆಗಳನ್ನಿಟ್ಟು, ತಿರುಪುಗಳಿಂದ ಏರಿಸಿ ಇಳಿಸಿ ಒಂದೇ ನೇರಕ್ಕೆ ತಂದು, ಅದರೊಳಗೆ ಸರಪಳಿಯನ್ನು ಮಲಗಿಸಿ ಬಿಗಿಗೊಳಿಸಬೇಕು. ಇಷ್ಟು ಮಾಡಿದರೂ ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. ಉಷ್ಣತೆ ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ನೂರು ಅಡಿಯ ಸರಪಳಿ ಹಿಗ್ಗುವುದು ಇಂಚಿನ ಸಾವಿರದ ಏಳು ಭಾಗದಷ್ಟು. ಅಷ್ಟೇ ತಾನೇ ಎನಿಸಬಹುದು. ಆದರೆ ಆ ರೇಖೆಯಲ್ಲಿ ಸರಪಳಿಯನ್ನು ನಾನೂರು ಬಾರಿ ಹಾಸಬೇಕು. ಒಂದೇ ಡಿಗ್ರಿಯ ಉಪೇಕ್ಷೆ ಒಟ್ಟು ಉದ್ದದಲ್ಲಿ ಸುಮಾರು ಮೂರು ಇಂಚಿನ ತಪ್ಪಾಗುತ್ತದೆ. ಮದ್ರಾಸಿನ ಬೇಸಗೆಯಲ್ಲಿ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಇರುವ ಅಂತರ ಒಂದು ಡಿಗ್ರಿಯಲ್ಲ!

ಆದ್ದರಿಂದ ಆತ ಪೆಟ್ಟಿಗೆಗಳೊಳಗೆ ಸರಪಳಿಯ ಪಕ್ಕದಲ್ಲೇ ಉಷ್ಣಮಾಪಕಗಳನ್ನಿಟ್ಟ. ಪ್ರತಿ ಬಾರಿಯೂ ಅವನ್ನು ಓದಿ, ಅಳತೆಯನ್ನು 62 ಡಿಗ್ರಿಯಲ್ಲಿ ಇರಬೇಕಾದ ಉದ್ದಕ್ಕೆ ತಿದ್ದಿದ. ಹಿಗ್ಗುವಿಕೆಯ ಪ್ರಮಾಣವನ್ನೂ ಪುಸ್ತಕದಿಂದ ಎತ್ತಿಕೊಳ್ಳದೆ ತನ್ನದೇ ಸರಪಳಿಯ ಮೇಲೆ ಪ್ರಯೋಗ ಮಾಡಿ ಕಂಡುಕೊಂಡ. ಇನ್ನೊಂದು ಸರಪಳಿಯನ್ನು ಅಳತೆಗೆ ಬಳಸದೆ ಕಾಯ್ದಿಟ್ಟಿದ್ದ. ಬಳಸಿದ ಸರಪಳಿಯ ಕೊಂಡಿಗಳು ಸವೆದು ಉದ್ದ ಹೆಚ್ಚಾಗಿದೆಯೇ ಎಂದು ಅದರೊಂದಿಗೆ ಹೋಲಿಸಿ ನೋಡುವುದಕ್ಕೆ. ಇವತ್ತಿನ ಕಾರ್ಖಾನೆಯಲ್ಲಿ ಕ್ಯಾಲಿಬ್ರೇಷನ್ ಪ್ರಯೋಗಾಲಯದ ಕಪಾಟಿನಲ್ಲಿ ಬೀಗ ಹಾಕಿಟ್ಟಿರುವ ಮಾಸ್ಟರ್ ಗೇಜ್ ಮಾಡುವ ಕೆಲಸವೂ ಇದೇ.

ಥಿಯೋಡೊಲೈಟನ್ನು ಕೂರಿಸುವುದು ಇನ್ನೂ ನಾಜೂಕು. ನೂಲಿಗೆ ಕಟ್ಟಿದ ಗುಂಡು ನೆಲದ ಗುರುತಿನ ಮೇಲೆ ಸರಿಯಾಗಿ ನಿಲ್ಲಬೇಕು. ರಸಮಟ್ಟದ ಗುಳ್ಳೆ ಉಪಕರಣವನ್ನು ಯಾವ ಕಡೆಗೆ ತಿರುಗಿಸಿದರೂ ನಡುವಿನಲ್ಲೇ ಇರಬೇಕು. ಅಂಚಿನ ಗೆರೆಗಳನ್ನು ಓದಲು ಎದುರುಬದುರಾಗಿ ಸೂಕ್ಷ್ಮದರ್ಶಕಗಳಿದ್ದವು. ಈಗಿನ ಭಾಷೆಯಲ್ಲಿ ಇವೇ ಅದರ ಸೆನ್ಸರ್‌ಗಳು. ಆ ದೊಡ್ಡ ವೃತ್ತದ ಅಂಚಿನಲ್ಲಿ ಒಂದು ಸೆಕೆಂಡಿನ ಕೋನವೆಂದರೆ ಇಂಚಿನ ಹತ್ತು ಸಾವಿರದ ಒಂದು ಭಾಗಕ್ಕೂ ಕಡಿಮೆ. ಎಪ್ಪತ್ತು ಕಿಲೋಮೀಟರ್ ಆಚೆಯ ಬೆಟ್ಟದಲ್ಲಿ ಅದು ಒಂದು ಅಡಿಗೂ ಹೆಚ್ಚಿನ ವ್ಯತ್ಯಾಸವಾಗುತ್ತದೆ. ವೃತ್ತದ ಕೇಂದ್ರ ಕೂದಲೆಳೆಯಷ್ಟು ಜರುಗಿದ್ದರೆ ಒಂದು ಸೂಕ್ಷ್ಮದರ್ಶಕ ಹೆಚ್ಚು ತೋರಿಸುತ್ತದೆ, ಎದುರಿನದು ಅಷ್ಟೇ ಕಡಿಮೆ. ಎರಡರ ಸರಾಸರಿಯಲ್ಲಿ ತಪ್ಪು ಅಳಿಯುತ್ತದೆ. ಒಂದೇ ಕೋನವನ್ನು ವೃತ್ತದ ಬೇರೆ ಬೇರೆ ಭಾಗಗಳಲ್ಲಿ ಮತ್ತೆ ಮತ್ತೆ ಓದಿದರೆ ಗೆರೆ ಕೊರೆದವನ ಕೈತಪ್ಪು ಕೂಡ ಹಂಚಿಹೋಗುತ್ತದೆ. ಕೊನೆಗೆ ತ್ರಿಕೋನದ ಮೂರು ಕೋನಗಳ ಮೊತ್ತ 180 ಡಿಗ್ರಿಗೆ, ಭೂಮಿಯ ಗುಂಡನೆಗಾಗಿ ಸೇರಬೇಕಾದ ಕೆಲವು ಸೆಕೆಂಡುಗಳೊಂದಿಗೆ, ತಾಳೆಯಾಗಬೇಕು. ಆಗದಿದ್ದರೆ ಮತ್ತೆ ಬೆಟ್ಟ ಹತ್ತಬೇಕು.

ಈ ಖರ್ಚೆಲ್ಲ ಏಕೆ ಎಂದು ಮದ್ರಾಸಿನ ಹಣಕಾಸು ಸಮಿತಿಯಲ್ಲಿ ಒಬ್ಬ ಕೇಳಿದ್ದನಂತೆ: ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿ ಹೊರುವವರಿಗೆ ಹೇಳಿದರೆ ಸಾಲದೇ ಎಂದು. ಉತ್ತರ 1804ರಲ್ಲಿ ಬೆಂಗಳೂರಿನಲ್ಲಿ ಸಿಕ್ಕಿತು. ಮದ್ರಾಸಿನಿಂದ ತ್ರಿಕೋನದ ಮೇಲೆ ತ್ರಿಕೋನ ಕಟ್ಟಿಕೊಂಡು ಬಂದು, ಬೆಂಗಳೂರಿನ ಬಳಿ ಏಳು ಮೈಲಿಗೂ ಹೆಚ್ಚಿನ ಒಂದು ರೇಖೆಯ ಉದ್ದವನ್ನು ಮೊದಲು ಲೆಕ್ಕದಿಂದ ಕಂಡುಹಿಡಿದು, ಆಮೇಲೆ ಅದನ್ನು ಸರಪಳಿಯಿಂದ ಅಳೆಯಲಾಯಿತು. ಎರಡಕ್ಕೂ ಬಂದ ವ್ಯತ್ಯಾಸ 3.7 ಇಂಚು. ಅಳೆದವನು ಸಹಾಯಕ ಜಾನ್ ವಾರನ್. ಕೋಲಾರದ ಮಣ್ಣಿನಲ್ಲಿ ಚಿನ್ನವಿದೆಯೆಂದು ಕಂಪೆನಿಗೆ ಮೊದಲು ವರದಿ ಮಾಡಿದವನೂ ಅವನೇ.

ಬೆಂಗಳೂರಿನಿಂದ ಜಾಲ ಪಶ್ಚಿಮಕ್ಕೆ ಹೊರಟು ಮುಂದಿನ ಎರಡು ವರ್ಷಗಳಲ್ಲಿ ಘಟ್ಟ ದಾಟಿ ನಮ್ಮ ಕರಾವಳಿ ಮುಟ್ಟಿತು. ಚಾರ್ಮಾಡಿಯ ಮೇಲಿನ ಬಲ್ಲಾಳರಾಯನ ದುರ್ಗ ಆ ಜಾಲದ ಒಂದು ನೆಲೆ. ಬೆಳ್ತಂಗಡಿ ತಾಲೂಕಿನವರಿಗೆ ಅದು ಬಂಡಾಜೆ ಅರ್ಬಿಯ ನೆತ್ತಿಯ ಮೇಲಿನ ಕೋಟೆ. ಈಗ ಚಾರಣಕ್ಕೆ ಹೋಗುವ ಹುಡುಗರಿಗೆ ಚೆನ್ನಾಗಿ ಗೊತ್ತು. ನಕಾಶೆಯಲ್ಲಿ ಮಂಗಳೂರಿನಿಂದ ಅಲ್ಲಿಗೆ ಒಂದು ನೇರ ಗೆರೆ ಎಳೆದು ನೋಡಿ. ಸುಮಾರು ಎಪ್ಪತ್ತು ಕಿಲೋಮೀಟರಿನ ಆ ಗೆರೆ ಬಂಟ್ವಾಳ ತಾಲೂಕಿನ ಉತ್ತರ ಭಾಗವನ್ನು ಹಾದು, ಮೂಡುಬಿದಿರೆಯನ್ನು ಎಡಕ್ಕೆ ಬಿಟ್ಟು, ಬೆಳ್ತಂಗಡಿಯ ಮೇಲಿನಿಂದ ಘಟ್ಟ ಏರುತ್ತದೆ. ಟಿಪ್ಪು ಸುಲ್ತಾನರು 1794ರಲ್ಲಿ ಕಟ್ಟಿಸಿದ ಜಮಲಾಬಾದ್ ಕೋಟೆಯ ಬಂಡೆಯೂ ಅದರಿಂದ ಬಹಳ ದೂರವಿಲ್ಲ. ಸಹಾಯಕರಲ್ಲಿ ಹೆನ್ರಿ ಕೇಟರ್ ಎಂಬ ಯುವಕನಿದ್ದ. ಸರ್ವೆಯ ತಿರುಗಾಟದಲ್ಲಿ ಆರೋಗ್ಯ ಕೆಟ್ಟು ಇಂಗ್ಲೆಂಡಿಗೆ ಮರಳಿದ ಆತನೇ ಮುಂದೆ ತಲೆಕೆಳಗು ಮಾಡಿ ತೂಗಬಹುದಾದ ಲೋಲಕವನ್ನು ರೂಪಿಸಿದ. ನಮ್ಮ ಬಿಎಸ್ಸಿ ವಿದ್ಯಾರ್ಥಿಗಳು ಕೇಟರ್ ಲೋಲಕ ಎಂದು ಪ್ರಯೋಗಾಲಯದಲ್ಲಿ ಬೈದುಕೊಳ್ಳುವುದು ಇದನ್ನೇ. ಎರಡು ಬದಿಯಿಂದ ಓದಿ ತಪ್ಪನ್ನು ಅಳಿಸುವ ಥಿಯೋಡೊಲೈಟಿನ ಪಾಠ ಅದರಲ್ಲೂ ಇದೆ.

ಫಲಿತಾಂಶ ಬಂದಾಗ ಮದ್ರಾಸಿನಿಂದ ಮಂಗಳೂರಿಗೆ ಇದ್ದದ್ದು 400 ಮೈಲಿಯಲ್ಲ, 360. ನಲವತ್ತು ಮೈಲಿ ಅಗಲದ ನೆಲ ನಕಾಶೆಯಿಂದ ಮಾಯವಾಯಿತು! ಮದ್ರಾಸಿನ ಕಡಲಿನಿಂದ ಬೆಟ್ಟಗಳ ಎತ್ತರವನ್ನು ಲೆಕ್ಕ ಹಾಕುತ್ತ ಬಂದು ಮಂಗಳೂರಿನ ಕಡಲಿಗೆ ಇಳಿಸಿದಾಗ ಬಂದ ವ್ಯತ್ಯಾಸ ಹತ್ತು ಅಡಿಯನ್ನೂ ಮುಟ್ಟಲಿಲ್ಲ. ಈ ಜ್ಞಾನ ಕಂಪೆನಿಗೆ ಕಂದಾಯ ಎತ್ತಲು, ಸೈನ್ಯ ಸಾಗಿಸಲು ನೆರವಾಯಿತೆಂಬುದನ್ನು ಮರೆಯುವಂತಿಲ್ಲ. ಲ್ಯಾಂಬ್ಟನ್ನನ ಆಸಕ್ತಿ ಭೂಮಿಯ ಆಕಾರದಲ್ಲಿತ್ತು, ಆತನಿಗೆ ಸಂಬಳ ಕೊಟ್ಟವರ ಆಸಕ್ತಿ ಬೇರೆಯಿತ್ತು.

1808ರಲ್ಲಿ ತಂಜಾವೂರಿನಲ್ಲಿ ಅನಾಹುತವೊಂದು ನಡೆಯಿತು. ಬಯಲು ಸೀಮೆಯಲ್ಲಿ ಎತ್ತರದ ಜಾಗ ಸಿಗದೆ ದೊಡ್ಡ ದೇವಾಲಯದ ಗೋಪುರದ ಮೇಲಕ್ಕೆ ಥಿಯೋಡೊಲೈಟನ್ನು ಹಗ್ಗ ರಾಟೆಗಳಿಂದ ಎಳೆಯುತ್ತಿದ್ದರು. ಹಗ್ಗ ತುಂಡಾಯಿತು. ಪೆಟ್ಟಿಗೆ ಗೋಡೆಗೆ ಬಡಿಯಿತು. ಬಿಚ್ಚಿ ನೋಡಿದಾಗ ಹಿತ್ತಾಳೆಯ ಆ ಮಹಾವೃತ್ತ ಸೊಟ್ಟಗಾಗಿತ್ತು. ಇಂಚಿನ ಹತ್ತು ಸಾವಿರದ ಒಂದು ಭಾಗಕ್ಕೆ ಬೆಲೆ ಕಟ್ಟಬೇಕಾದ ವಸ್ತು ಕಣ್ಣಿಗೆ ಕಾಣುವಷ್ಟು ಬಗ್ಗಿತ್ತು. ಬೇರೆ ಯಾರಾದರೂ ಅದನ್ನು ಗುಜರಿಗೆ ಹಾಕಿ ಲಂಡನ್ನಿನಿಂದ ಹೊಸತು ಬರುವ ತನಕ ಕೈಕಟ್ಟಿ ಕೂರುತ್ತಿದ್ದರು. ಐವತ್ತು ದಾಟಿದ ಲ್ಯಾಂಬ್ಟನ್ ಡೇರೆಯೊಳಗೆ ಸೇರಿಕೊಂಡ. ಕೆಲಸಗಾರರನ್ನು ಬಿಟ್ಟು ಇನ್ನಾರಿಗೂ ಪ್ರವೇಶವಿರಲಿಲ್ಲ. ಉಪಕರಣದ ಒಂದೊಂದು ಭಾಗವನ್ನೂ ಬಿಚ್ಚಿ, ದೊಡ್ಡ ಹಲಗೆಯೊಂದರ ಮೇಲೆ ವೃತ್ತವು ಇರಬೇಕಾದ ನಿಖರ ಗಾತ್ರವನ್ನು ಕೊರೆಸಿ, ಬೆಣೆ, ತಿರುಪು, ರಾಟೆಗಳಿಂದ ಹಿತ್ತಾಳೆಯನ್ನು ಎಳೆದೆಳೆದು ಆ ಗುರುತಿಗೆ ತಂದ. ಬಗ್ಗಿದ ಅರಗಳನ್ನು ಸಣ್ಣ ಸುತ್ತಿಗೆಯಿಂದ ಬಡಿದು ನೇರ ಮಾಡಿದ. ಆರು ವಾರ ಹಿಡಿಯಿತು. ಆಮೇಲೂ ಅದನ್ನು ಸುಮ್ಮನೆ ನಂಬುವಂತಿರಲಿಲ್ಲ. ಹೆಚ್ಚು ಸಲ ಓದಿ ಸರಾಸರಿ ತೆಗೆಯುವುದು, ತ್ರಿಕೋನದ ಮೊತ್ತ ತಾಳೆ ನೋಡುವುದು ಅನಿವಾರ್ಯವಾಗಿತ್ತು.

ಅದೇ ಉಪಕರಣದೊಂದಿಗೆ ಆತ ಇನ್ನೂ ಹದಿನಾಲ್ಕು ವರ್ಷ ದುಡಿದ. ಕನ್ಯಾಕುಮಾರಿಯ ಹತ್ತಿರದಿಂದ ಬೀದರಿನ ಕಡೆಯ ಅಕ್ಷಾಂಶದ ತನಕ ಸುಮಾರು ಹತ್ತು ಡಿಗ್ರಿಯ ಮಧ್ಯಾಹ್ನರೇಖೆಯನ್ನು ಅಳೆದು ಮುಗಿಸಿದ. 1818ರಲ್ಲಿ ಈ ಕೆಲಸಕ್ಕೆ ಭಾರತದ ಮಹಾ ತ್ರಿಕೋನಮಿತೀಯ ಸರ್ವೆ ಎಂಬ ಹೆಸರು ಬಂತು. ಜಾರ್ಜ್ ಎವರೆಸ್ಟ್ ಸಹಾಯಕನಾಗಿ ನೇಮಕಗೊಂಡ. ಲಂಡನ್ನಿನ ರಾಯಲ್ ಸೊಸೈಟಿ ಸದಸ್ಯತ್ವ ನೀಡಿತು. ಊರಿಗೆ ಮರಳುವ ಯೋಚನೆ ಮಾತ್ರ ಆತ ಮಾಡಲಿಲ್ಲ. 1823ರ ಜನವರಿ 20ರಂದು, ನಾಗಪುರದ ಕಡೆ ಶಿಬಿರ ಸಾಗಿಸುತ್ತಿದ್ದಾಗ, ಈಗಿನ ಮಹಾರಾಷ್ಟ್ರದ ಹಿಂಗಣಘಾಟ್‌ನಲ್ಲಿ ತೀರಿಕೊಂಡ. ವಯಸ್ಸು ಎಪ್ಪತ್ತರ ಆಸುಪಾಸು. ಸಮಾಧಿಯೂ ಅಲ್ಲೇ ಇದೆ.

ಸೊಟ್ಟಗಾಗಿ ನೆಟ್ಟಗಾದ ಥಿಯೋಡೊಲೈಟ್ ಎವರೆಸ್ಟನ ಪಾಲಿಗೆ ಬಂತು. ಅದನ್ನು ಹೊಸದಾಗಿ ಕಟ್ಟಲು ಇಂಗ್ಲೆಂಡಿನಿಂದ ಹೆನ್ರಿ ಬ್ಯಾರೋ ಎಂಬ ಉಪಕರಣ ತಯಾರಕನನ್ನು ಕರೆಸಲಾಯಿತು. ಅದಕ್ಕೂ ಮೊದಲೇ, 1824ರ ಸುಮಾರಿಗೆ, ಸರ್ವೇಯರ್ ಜನರಲ್ ಬ್ಲ್ಯಾಕರ್ ಮದ್ರಾಸಿನಿಂದ ಕಲ್ಕತ್ತಾಕ್ಕೆ ಕರೆದೊಯ್ದಿದ್ದ ಕುಶಲಕರ್ಮಿ ಒಬ್ಬರಿದ್ದರು. ಅವರು ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನ್. ಆಭರಣದ ಕುಸುರಿಯಲ್ಲಿ ಪಳಗಿದ ಕೈ. ವಿಲಾಯತಿನ ಯಾವ ಕಾರ್ಖಾನೆಯಲ್ಲೂ ತರಬೇತಿ ಪಡೆದವರಲ್ಲ. ಬ್ಯಾರೋ ಹೊರಟುಹೋದ ಮೇಲೆ ಸರ್ವೆಯ ಸೂಕ್ಷ್ಮ ಉಪಕರಣಗಳ ದುರಸ್ತಿ, ಜೋಡಣೆ, ಹೊಂದಾಣಿಕೆಗಳೆಲ್ಲ ಅವರ ಮೇಜಿಗೇ ಬಂದವು. ಬ್ಯಾರೋ ಇದ್ದ ಹುದ್ದೆಗೆ ಇವರೇ ತಕ್ಕವರೆಂದು, ಯಾರನ್ನೂ ಸುಲಭವಾಗಿ ಹೊಗಳದ ಎವರೆಸ್ಟ್ ಶಿಫಾರಸು ಮಾಡಿದ. 1843ರಲ್ಲಿ ನೇಮಕವಾಯಿತು. 1864ರಲ್ಲಿ ಅವರು ತೀರಿಕೊಂಡರು. ಆ ವೇಳೆಗೆ ಸರ್ವೆಯ ತ್ರಿಕೋನಗಳು ಹಿಮಾಲಯವನ್ನು ಮುಟ್ಟಿ, ಅಲ್ಲಿನ ಅತಿ ಎತ್ತರದ ಶಿಖರಕ್ಕೆ ಎವರೆಸ್ಟನ ಹೆಸರು ಬಂದಾಗಿತ್ತು. ಕ್ಯಾರಿಯ ಥಿಯೋಡೊಲೈಟನ್ನು ಡೆಹ್ರಾಡೂನಿನಲ್ಲಿ ಸರ್ವೆ ಆಫ್ ಇಂಡಿಯಾ ಕಾಪಾಡಿಕೊಂಡು ಬಂದಿದೆ.